ಗಣಕಯಂತ್ರವು ಮೂರ್ಛೆ ಹೋಗುವುದೇಕೆ?

ಮನುಷ್ಯನೊಬ್ಬನು ಇದ್ದಕ್ಕಿದ್ದಂತೆ ಮೂರ್ಛೆ ಹೋದರೆ ವೈದ್ಯರು ಮೂರ್ಛೆಯನ್ನೇ ರೋಗವೆಂದು ಭಾವಿಸುವುದಿಲ್ಲ. ಅದು ಲಕ್ಷಣ ಮಾತ್ರ. ಅದರ ಹಿಂದೆ ಹೃದಯದ ದೋಷವಿರಬಹುದು. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಇಳಿದಿರಬಹುದು. ಬರಿಯ ಬಿಸಿಲಿನ ತಾಪವೂ ಇರಬಹುದು. ಕಾರಣವನ್ನು ಕಂಡುಹಿಡಿಯದೆ ಮುಖಕ್ಕೆ ನೀರು ಚಿಮುಕಿಸಿ ಸುಮ್ಮನಾದರೆ ರೋಗವು ಉಳಿದೇ ಉಳಿಯುತ್ತದೆ.

ಇಂದು ಮನೆಮನೆಯಲ್ಲಿಯೂ ನೆಲೆಸಿರುವ ಗಣಕಯಂತ್ರಕ್ಕೂ ಇಂತಹ ಮೂರ್ಛೆ ಬರುವುದುಂಟು. ಕೆಲಸ ನಡೆಯುತ್ತಿರುವಾಗಲೇ ಪರದೆಯು ಥಟ್ಟನೆ ಕಪ್ಪಾಗುತ್ತದೆ. ಯಂತ್ರವು ತಾನಾಗಿಯೇ ಮೊದಲಿನಿಂದ ಪ್ರಾರಂಭವಾಗುತ್ತದೆ. ವಿಚಾರಿಸಿದರೆ ಅನೇಕ ಸಂದರ್ಭಗಳಲ್ಲಿ ಒಂದು ಸಂಗತಿ ತಿಳಿದುಬರುತ್ತದೆ. ಆಗತಾನೆ ಯಾರೋ ಪ್ರಿಂಟರಿನ ತಂತಿಯನ್ನೋ, ಪೆನ್‌ಡ್ರೈವನ್ನೋ, ಮೊಬೈಲ್ ಫೋನನ್ನೋ ಅದಕ್ಕೆ ಜೋಡಿಸಿರುತ್ತಾರೆ. ಆಗ ನಾವು ಮಾಡುವುದೇನು? ವೈರಸ್ ಹೊಕ್ಕಿದೆಯೆಂದು ವಿಂಡೋಸನ್ನು ಅಳಿಸಿ ಮತ್ತೆ ಹಾಕಿಸುತ್ತೇವೆ, ಇಲ್ಲವೆ ಹೊಸ ಪ್ರಿಂಟರನ್ನು ಕೊಂಡು ತರುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ತರುಣರಿಗೂ, ಪರದೆಯ ಮುಂದೆ ಕುಳಿತು ಪರೀಕ್ಷೆ ಬರೆಯುವ ಮಕ್ಕಳಿಗೂ ಇದರಿಂದಾಗುವ ತೊಂದರೆ ಸಣ್ಣದಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ ಹಲವು ದಿನಗಳ ಬರವಣಿಗೆ ಒಂದು ಗಳಿಗೆಯಲ್ಲಿ ಹಾಳಾಗಬಹುದು. ಆದರೆ ಹಾನಿಯು ಇಷ್ಟಕ್ಕೇ ನಿಲ್ಲುವುದಿಲ್ಲ. ಈ ಮೂರ್ಛೆಯ ಕಾರಣಗಳಲ್ಲಿ ಒಂದು, ಯಂತ್ರಕ್ಕಿಂತ ಹೆಚ್ಚಾಗಿ, ಅದನ್ನು ಮುಟ್ಟುವವರ ಪ್ರಾಣಕ್ಕೆ ಅಪಾಯಕಾರಿಯಾದುದು. ಆರೋಗ್ಯವನ್ನು ಕುರಿತ ಲೇಖನಗಳ ನಡುವೆ ಈ ವಿಷಯವನ್ನು ಎತ್ತಿಕೊಂಡಿರುವುದು ಆ ಕಾರಣದಿಂದಲೇ.

ಪರಿಚಾರಕರಿಲ್ಲದ ಅತಿಥಿ

ನಮ್ಮ ಹೈದರಾಬಾದಿಗೂ ಗಣಕಯಂತ್ರಕ್ಕೂ ಇರುವ ನಂಟು ಹಳೆಯದು. 1967ರಲ್ಲಿ ಇಲ್ಲಿ ಸ್ಥಾಪನೆಯಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು 1969ರಲ್ಲಿ ಟಿ.ಡಿ.ಸಿ.-12 ಎಂಬ ಗಣಕಯಂತ್ರವನ್ನು ಹೊರತಂದಿತು. ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಡಾ. ಎ. ಎಸ್. ರಾವ್ ಅವರ ಹೆಸರು ಎ. ಎಸ್. ರಾವ್ ನಗರದ ರೂಪದಲ್ಲಿ ಇಂದಿಗೂ ಉಳಿದಿದೆ. 1998ರಲ್ಲಿ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಈ ಯಂತ್ರವು ನಗರದ ಜೀವನೋಪಾಯವೇ ಆಗಿಹೋಯಿತು.

ಆದರೆ ಒಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ಆ ಕಾಲದ ದೊಡ್ಡ ಗಣಕಯಂತ್ರಗಳಿಗೆ ಪ್ರತ್ಯೇಕ ಕೊಠಡಿ, ತಂಪುಗಾಳಿ, ವೋಲ್ಟೇಜನ್ನು ಸಮಸ್ಥಿತಿಯಲ್ಲಿಡುವ ಉಪಕರಣ, ಪ್ರತ್ಯೇಕವಾದ ಅರ್ಥಿಂಗ್, ಇವೆಲ್ಲ ಏರ್ಪಾಡಾಗುತ್ತಿದ್ದವು. ಯಂತ್ರವು ಚಿಕ್ಕದಾಗಿ ನಮ್ಮ ಮನೆಗೆ ಬಂತು. ಅದರ ಪರಿಚಾರಕರು ಬರಲಿಲ್ಲ. ಮೇಜಿನ ಕೆಳಗಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಗಣಕಯಂತ್ರ, ಪರದೆ, ಪ್ರಿಂಟರ್, ಇಂಟರ್‌ನೆಟ್ಟಿನ ಪೆಟ್ಟಿಗೆ, ಫೋನಿನ ಚಾರ್ಜರ್, ಎಲ್ಲವೂ ಜೋತುಬಿದ್ದಿರುತ್ತವೆ.

ಯಂತ್ರದ ಹೃದಯ

ಗೋಡೆಯ ಸಾಕೆಟ್ಟಿನಲ್ಲಿ ನಮಗೆ ದೊರೆಯುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತು. ಗಣಕಯಂತ್ರದ ಒಳಗಿನ ಸೂಕ್ಷ್ಮ ಭಾಗಗಳಿಗೆ ಬೇಕಾದುದು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತು. ಈ ಮಾರ್ಪಾಟನ್ನು ಮಾಡುವುದು ಪೆಟ್ಟಿಗೆಯ ಹಿಂಭಾಗದಲ್ಲಿರುವ, ಎಸ್.ಎಂ.ಪಿ.ಎಸ್. ಎಂದು ಎಲ್ಲರೂ ಕರೆಯುವ ಭಾಗ. ಅದನ್ನೇ ಯಂತ್ರದ ಹೃದಯವೆನ್ನಬಹುದು.

ಈ ಹೃದಯವು ಮದರ್‌ಬೋರ್ಡಿಗೆ ಸದಾ ಒಂದು ಸಂಕೇತವನ್ನು ಕಳುಹಿಸುತ್ತಿರುತ್ತದೆ. ‘ಪವರ್ ಗುಡ್’ ಎಂದು ಅದರ ಹೆಸರು. ವಿದ್ಯುತ್ತು ಸರಿಯಾಗಿದೆ ಎಂದು ಅದರ ಅರ್ಥ. ವೋಲ್ಟೇಜು ನಿಗದಿಯಾದ ಮಿತಿಯಿಂದ ಕೆಳಗಿಳಿದರೆ ಸಂಕೇತವು ನಿಲ್ಲುತ್ತದೆ. ಅದು ನಿಂತೊಡನೆ ಯಂತ್ರವು ತಪ್ಪು ಲೆಕ್ಕ ಮಾಡುವುದಕ್ಕಿಂತ ಕೆಲಸ ನಿಲ್ಲಿಸುವುದೇ ಲೇಸೆಂದು ನಿಂತುಬಿಡುತ್ತದೆ. ಸಂಕೇತವು ಮರಳಿದಾಗ ಮೊದಲಿನಿಂದ ಆರಂಭಿಸುತ್ತದೆ. ಎಂದರೆ ಈ ಮೂರ್ಛೆಯು ಒಂದು ಬಗೆಯ ಆತ್ಮರಕ್ಷಣೆ. ಮನೆಯ ವಿದ್ಯುತ್ತು ಕ್ಷಣಕಾಲ ಕಡಿದುಹೋದರೆ ಎಸ್.ಎಂ.ಪಿ.ಎಸ್. ತನ್ನ ಕೆಪಾಸಿಟರುಗಳಲ್ಲಿ ಕೂಡಿಟ್ಟ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡುಗಳ ಕಾಲ ಯಂತ್ರವನ್ನು ನಡೆಸಬಲ್ಲದು. ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಹಿಡಿಯುತ್ತದೆ ಎಂಬುದನ್ನು ನೆನೆದರೆ ಈ ಉಳಿತಾಯವು ಎಷ್ಟು ಅಲ್ಪವೆಂಬುದು ತಿಳಿಯುತ್ತದೆ. ವರ್ಷಗಳು ಕಳೆದು ಕೆಪಾಸಿಟರುಗಳು ಕ್ಷೀಣಿಸಿದಂತೆ ಇದು ಇನ್ನಷ್ಟು ಕಡಿಮೆಯಾಗುತ್ತದೆ. ಮುದಿ ಹೃದಯಕ್ಕೆ ಮೆಟ್ಟಿಲು ಹತ್ತುವುದೂ ಪ್ರಯಾಸ, ಮುದಿ ಎಸ್.ಎಂ.ಪಿ.ಎಸ್.ಗೆ ಹೊಸದೊಂದು ಸಾಧನದ ಭಾರವೂ ಹಾಗೆಯೇ.

ಐದು ಕಾರಣಗಳು

ಹೊರಗಿನಿಂದ ಜೋಡಿಸಿದ ಸಾಧನವು ಯಂತ್ರವನ್ನು ಕೆಡವುವುದು ಮುಖ್ಯವಾಗಿ ಐದು ವಿಧಗಳಿಂದ.

ಮೊದಲನೆಯದು ಅತಿಭಾರ. ಯು.ಎಸ್.ಬಿ. ಕಿಂಡಿಯು ದತ್ತಾಂಶದ ಜೊತೆಗೆ 5 ವೋಲ್ಟಿನ ವಿದ್ಯುತ್ತನ್ನೂ ಕೊಡುತ್ತದೆ. ಅದಕ್ಕೆ ಒಂದು ಮಿತಿಯಿದೆ. ಯು.ಎಸ್.ಬಿ. 2.0 ಕಿಂಡಿಯಿಂದ 500 ಮಿಲಿಆಂಪಿಯರ್, ನೀಲಿಬಣ್ಣದ ಯು.ಎಸ್.ಬಿ. 3.0 ಕಿಂಡಿಯಿಂದ 900 ಮಿಲಿಆಂಪಿಯರ್. ಇದಕ್ಕಿಂತ ಹೆಚ್ಚಿನದನ್ನು ಸಾಧನವು ನಿರೀಕ್ಷಿಸಬಾರದು. ಹೊರಗಿನ ಹಾರ್ಡ್‌ಡಿಸ್ಕಿನ ತಟ್ಟೆಯು ಸುತ್ತಲಾರಂಭಿಸುವ ಕ್ಷಣದಲ್ಲಿ ಈ ಮಿತಿ ಮೀರಬಹುದು. ಕಿಂಡಿಯೊಳಗಿನ ಲೋಹದ ನಾಲಗೆ ಬಾಗಿದ್ದರೆ, ತಂತಿ ಸವೆದಿದ್ದರೆ, ಬಿಡಿಭಾಗಗಳನ್ನು ಕೂಡಿಸಿ ಕಟ್ಟಿಸಿದ ಯಂತ್ರದಲ್ಲಿ ಮುಂಭಾಗದ ಕಿಂಡಿಯ ತಂತಿಗಳನ್ನು ಮದರ್‌ಬೋರ್ಡಿಗೆ ಅದಲುಬದಲಾಗಿ ಸಿಕ್ಕಿಸಿದ್ದರೆ, ಸಾಧನವನ್ನು ಚುಚ್ಚಿದೊಡನೆಯೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಎರಡನೆಯದು ಸಾಫ್ಟ್‌ವೇರಿನ ದೋಷ. ಪ್ರತಿಯೊಂದು ಸಾಧನಕ್ಕೂ ಅದರ ಭಾಷೆಯನ್ನು ಯಂತ್ರಕ್ಕೆ ತಿಳಿಸುವ ದುಭಾಷಿಯೊಬ್ಬನು ಬೇಕು, ಅವನೇ ‘ಡ್ರೈವರ್’. ದುಭಾಷಿಯು ತಪ್ಪಿದರೆ ವ್ಯವಸ್ಥೆಯೇ ಕುಸಿಯಬಹುದು. 1998ರ ಏಪ್ರಿಲ್ 20ರಂದು ಷಿಕಾಗೋ ನಗರದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ ಬಿಲ್ ಗೇಟ್ಸ್ ಅವರ ಸಮ್ಮುಖದಲ್ಲಿಯೇ ವಿಂಡೋಸ್ 98ರ ಪ್ರಾತ್ಯಕ್ಷಿಕೆ ನಡೆಯುತ್ತಿತ್ತು. ಅವರ ಸಹಾಯಕರು ಒಂದು ಸ್ಕ್ಯಾನರನ್ನು ಯು.ಎಸ್.ಬಿ. ಕಿಂಡಿಗೆ ಜೋಡಿಸಿದೊಡನೆ ಯಂತ್ರವು ಕುಸಿದು ಪರದೆಯು ನೀಲಿಯಾಯಿತು. ಸಭೆಯು ನಗೆಗಡಲಲ್ಲಿ ಮುಳುಗಿತು. ತಯಾರಕರ ಮನೆಯಲ್ಲಿಯೇ ಹೀಗಾಗಬಹುದಾದರೆ ನಮ್ಮ ಮನೆಯಲ್ಲಿ ಆಗುವುದರಲ್ಲಿ ಆಶ್ಚರ್ಯವೇನು?

ಮೂರನೆಯದು ಸ್ಥಿರವಿದ್ಯುತ್ತು. ಶುಷ್ಕ ಹವೆಯಲ್ಲಿ ನೈಲಾನ್ ಬಟ್ಟೆ, ಪ್ಲಾಸ್ಟಿಕ್ ಕುರ್ಚಿ, ರತ್ನಗಂಬಳಿ ಇವುಗಳ ಉಜ್ಜಾಟದಿಂದ ನಮ್ಮ ದೇಹದಲ್ಲಿ ಹಲವು ಸಾವಿರ ವೋಲ್ಟಿನ ಸ್ಥಿರವಿದ್ಯುತ್ತು ಸೇರಬಹುದು. ಅದರ ಪ್ರಮಾಣ ಅತ್ಯಲ್ಪವಾದುದರಿಂದ ನಮಗೆ ಚುರುಕ್ಕೆನ್ನುತ್ತದೆ, ಅಷ್ಟೆ. ಆದರೆ ಪೆನ್‌ಡ್ರೈವಿನ ಲೋಹದ ಮೂಲಕ ಅದು ಯಂತ್ರಕ್ಕೆ ಹರಿದರೆ ಮೂರ್ಛೆಗೆ ಅಷ್ಟೇ ಸಾಕು.

ನಾಲ್ಕನೆಯದು ಮನೆಯ ವಿದ್ಯುತ್ತಿನ ಏರಿಳಿತ. ಲೇಸರ್ ಪ್ರಿಂಟರಿನ ಒಳಗಿನ ಉರುಳೆಯು ಕಾಯುವಾಗ ಅದು ನೂರಾರು ವ್ಯಾಟುಗಳನ್ನು ಒಮ್ಮೆಲೇ ಸೆಳೆಯುತ್ತದೆ. ನೀರೆತ್ತುವ ಪಂಪು, ಫ್ರಿಜ್ಜು, ಗ್ರೈಂಡರ್ ಮೊದಲಾದವುಗಳ ಮೋಟಾರುಗಳು ಹೊರಡುವ ಕ್ಷಣದಲ್ಲಿ, ನಡೆಯುವಾಗ ಬೇಕಾದುದರ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತವೆ. ತಂತಿಗಳು ತೆಳ್ಳಗಿದ್ದರೆ, ಜೋಡಣೆ ಸಡಿಲವಾಗಿದ್ದರೆ ವೋಲ್ಟೇಜು ಕುಸಿಯುತ್ತದೆ. ಸಾಮಾನ್ಯವಾದ 600 ವಿ.ಎ. ಯು.ಪಿ.ಎಸ್. ಸುಮಾರು 360 ವ್ಯಾಟುಗಳನ್ನು ಮಾತ್ರ ತಾಳಬಲ್ಲದು. ಅದಕ್ಕೆ ಲೇಸರ್ ಪ್ರಿಂಟರನ್ನೂ ಜೋಡಿಸಿದರೆ ಕಾಯಬೇಕಾದ ಯು.ಪಿ.ಎಸ್. ತಾನೇ ಕೈಬಿಡುತ್ತದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಐದನೆಯದು ಭೂಸಂಪರ್ಕದ ದೋಷ. ಇದೇ ಎಲ್ಲಕ್ಕಿಂತ ಗಂಭೀರವಾದುದು. ಆದುದರಿಂದ ಇದನ್ನು ಮುಂದೆ ಬೇರೆಯಾಗಿ ವಿವರಿಸಲಾಗಿದೆ.

ರೋಗನಿದಾನದ ಕ್ರಮ

ಔಷಧಿಗಿಂತ ಮೊದಲು ನಿದಾನ. ಅದಕ್ಕೂ ಮೊದಲು, ಮುಖ್ಯವಾದ ಕಡತಗಳ ಪ್ರತಿಯೊಂದನ್ನು ಬೇರೆಡೆ ತೆಗೆದಿಡತಕ್ಕದ್ದು.

ಮೂರ್ಛೆ ಬಂದ ರೀತಿಯನ್ನು ಮೊದಲು ಗಮನಿಸಿರಿ. ಬಣ್ಣದ ಪರದೆಯ ಮೇಲೆ ಕೆಲವು ಸಾಲುಗಳ ಬರಹ ಮೂಡಿ ಅನಂತರ ಯಂತ್ರ ಮರುಪ್ರಾರಂಭವಾದರೆ ಡ್ರೈವರಿನ ಅಥವಾ ಒಳಗಿನ ಭಾಗವೊಂದರ ಮೇಲೆ ಸಂಶಯ ಪಡಬೇಕು. ಈ ಪರದೆಯು ಬಹುಕಾಲ ನೀಲಿಯಾಗಿತ್ತು. 2025ರಿಂದೀಚೆಗೆ ವಿಂಡೋಸ್ 11ರಲ್ಲಿ ಕಪ್ಪಾಗಿದೆ. ಬರಹವೇನೂ ಇಲ್ಲದೆ ದೀಪ ಆರಿದಂತೆ ಎಲ್ಲವೂ ನಂದಿದರೆ ಹೆಚ್ಚಾಗಿ ವಿದ್ಯುತ್ತಿನದೇ ದೋಷ. ವಿಂಡೋಸಿನಲ್ಲಿ ಕುಸಿದೊಡನೆ ತಾನಾಗಿ ಮರುಪ್ರಾರಂಭವಾಗುವ ಏರ್ಪಾಡು ಇರುವುದರಿಂದ ಬರಹವನ್ನು ಓದಲು ಸಮಯ ಸಿಗುವುದಿಲ್ಲ. ‘ಸ್ಟಾರ್ಟಪ್ ಅಂಡ್ ರಿಕವರಿ’ ಎಂಬಲ್ಲಿ ಆ ಏರ್ಪಾಡಿನ ಗುರುತನ್ನು ತೆಗೆದುಹಾಕಿದರೆ ಬರಹವು ಪರದೆಯ ಮೇಲೆ ನಿಲ್ಲುತ್ತದೆ. ‘ಈವೆಂಟ್ ವ್ಯೂವರ್’ ಎಂಬ ದಿನಚರಿಯಲ್ಲಿ ‘ಕರ್ನೆಲ್-ಪವರ್ 41’ ಎಂದು ಕಂಡುಬಂದರೆ ಅನೇಕರು ಅದನ್ನೇ ರೋಗದ ಹೆಸರೆಂದು ತಿಳಿಯುತ್ತಾರೆ. ಅದು ಹಾಗಲ್ಲ, ಯಂತ್ರವು ಕ್ರಮವಾಗಿ ಮುಚ್ಚದೆ ನಿಂತುಹೋಯಿತು ಎಂದಷ್ಟೇ ಅದು ಹೇಳುತ್ತದೆ.

ಎರಡನೆಯ ಹೆಜ್ಜೆಯೆಂದರೆ ಲಂಘನ. ವೈದ್ಯರು ಆಹಾರವನ್ನು ಬಿಡಿಸಿ ನೋಡುವಂತೆ, ಕೀಲಿಮಣೆ, ಮೌಸ್, ಪರದೆ ಇವು ಮೂರನ್ನುಳಿದು ಮಿಕ್ಕ ಎಲ್ಲ ಸಾಧನಗಳನ್ನೂ ಕಳಚಿಡಿರಿ. ಸಾಮಾನ್ಯವಾಗಿ ದಿನಕ್ಕೊಮ್ಮೆ ಮೂರ್ಛೆ ಬರುತ್ತಿದ್ದರೆ ಮೂರು ನಾಲ್ಕು ದಿನ ಕಾದು ನೋಡಬೇಕು. ಒಂದು ಗಂಟೆ ನೋಡಿ ಗುಣವಾಯಿತೆನ್ನುವುದು ಸಲ್ಲದು. ಕಳಚಿದ ಮೇಲೂ ಮೂರ್ಛೆ ಬರುತ್ತಿದ್ದರೆ ಸಾಧನಗಳು ನಿರಪರಾಧಿಗಳು, ಎಸ್.ಎಂ.ಪಿ.ಎಸ್., ಒಳಗಿನ ಶಾಖ, ನೆನಪಿನ ಪಟ್ಟಿ ಇವುಗಳ ಕಡೆ ತಿರುಗಬೇಕು.

ಮೂರ್ಛೆ ನಿಂತರೆ ಮೂರನೆಯ ಹೆಜ್ಜೆ: ಒಂದೊಂದಾಗಿ ಮತ್ತೆ ಜೋಡಿಸುವುದು. ಒಂದು ಸಲಕ್ಕೆ ಒಂದನ್ನೇ ಜೋಡಿಸಬೇಕು, ಪ್ರತಿಯೊಂದಕ್ಕೂ ಸಾಕಷ್ಟು ಕಾಲ ಕೊಡಬೇಕು, ಕಂಡುದನ್ನು ಕಾಗದದ ಮೇಲೆ ಬರೆದಿಡಬೇಕು. ಆಗ ಉತ್ತರವು ತಾನಾಗಿ ದೊರೆಯುತ್ತದೆ. ಒಂದೇ ಸಾಧನವು ಯಾವ ಗಣಕಯಂತ್ರಕ್ಕೆ ಜೋಡಿಸಿದರೂ ತೊಂದರೆ ಕೊಟ್ಟರೆ ದೋಷವು ಆ ಸಾಧನದ್ದು ಅಥವಾ ಅದರ ತಂತಿಯದು. ಯಾವ ಸಾಧನವನ್ನು ಹಾಕಿದರೂ ಒಂದೇ ಕಿಂಡಿಯಲ್ಲಿ ತೊಂದರೆಯಾದರೆ ದೋಷವು ಕಿಂಡಿಯದು. ಯಾವುದಾದರೂ ಎರಡು ಮೂರು ಸಾಧನಗಳು ಒಟ್ಟುಗೂಡಿದಾಗ ಮಾತ್ರ ತೊಂದರೆಯಾದರೆ ಎಸ್.ಎಂ.ಪಿ.ಎಸ್. ದುರ್ಬಲವಾಗಿದೆ. ಯಂತ್ರವೂ ಸಾಧನವೂ ಬೇರೆ ಮನೆಯಲ್ಲಿ ಸುಖವಾಗಿದ್ದು ನಮ್ಮ ಮನೆಯಲ್ಲಿ ಮಾತ್ರ ಕಾದಾಡಿದರೆ ರೋಗವಿರುವುದು ನಮ್ಮ ಮನೆಯ ಗೋಡೆಯೊಳಗೆ. ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಸುಲಭವಾದ ಪರೀಕ್ಷೆಯಿದೆ. ಚಾರ್ಜರನ್ನು ಕಳಚಿ ಕೇವಲ ಬ್ಯಾಟರಿಯ ಮೇಲೆ ನಡೆಸಿ ಅದೇ ಸಾಧನವನ್ನು ಜೋಡಿಸಿರಿ. ಆಗ ತೊಂದರೆ ಕಾಣದಿದ್ದರೆ ಸಂಶಯವು ಚಾರ್ಜರ್ ಅಥವಾ ಮನೆಯ ವಿದ್ಯುತ್ತಿನ ಮೇಲೆ ಬೀಳುತ್ತದೆ.

ಜುಮ್ಮೆನ್ನುವ ಪೆಟ್ಟಿಗೆ

ಗಣಕಯಂತ್ರದ ಲೋಹದ ಪೆಟ್ಟಿಗೆಯನ್ನು ಬೆರಳ ಹಿಂಬದಿಯಿಂದ ಸವರಿದಾಗ ಜುಮ್ಮೆಂದರೆ ಅನೇಕರು ‘ಸ್ವಲ್ಪ ಕರೆಂಟು ಬರುತ್ತದೆ, ಪರವಾಗಿಲ್ಲ’ ಎಂದು ಸುಮ್ಮನಾಗುತ್ತಾರೆ. ಇದು ಪರವಾಗಿಲ್ಲ ಎನ್ನುವ ಮಾತಲ್ಲ.

ಎಸ್.ಎಂ.ಪಿ.ಎಸ್. ಒಳಗೆ ವಿದ್ಯುತ್ತಿನ ಗದ್ದಲವನ್ನು ಸೋಸುವುದಕ್ಕಾಗಿ ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡನ್ನೂ ಪೆಟ್ಟಿಗೆಯ ಲೋಹಕ್ಕೆ ಕೂಡಿಸುತ್ತವೆ. ಲೋಹಕ್ಕೆ ಭೂಸಂಪರ್ಕವಿದ್ದಲ್ಲಿ ಸೋರುವ ಅಲ್ಪ ವಿದ್ಯುತ್ತು ನೆಲ ಸೇರುತ್ತದೆ. ಭೂಸಂಪರ್ಕವು ಕಡಿದಿದ್ದರೆ ಆ ಲೋಹವು ಮನೆಯ ವೋಲ್ಟೇಜಿನ ಸುಮಾರು ಅರ್ಧದಷ್ಟು, ಎಂದರೆ 115 ವೋಲ್ಟಿನ ಹತ್ತಿರ ತೇಲುತ್ತಿರುತ್ತದೆ. ಈಗ ಬೇರೊಂದು ಕೋಣೆಯ ಸಾಕೆಟ್ಟಿನಿಂದ ನಡೆಯುವ ಪ್ರಿಂಟರನ್ನೋ, ಕೇಬಲ್ ಟಿ.ವಿ.ಯ ತಂತಿ ಸೇರಿದ ಉಪಕರಣವನ್ನೋ ಇದಕ್ಕೆ ಜೋಡಿಸಿದರೆ ಏನಾಗುತ್ತದೆ? ಎರಡು ಲೋಹಗಳ ವೋಲ್ಟೇಜು ಬೇರೆ ಬೇರೆ. ತಂತಿಯ ತುದಿ ಮುಟ್ಟಿದ ಕ್ಷಣದಲ್ಲಿ ಆ ಅಂತರವೆಲ್ಲ ದತ್ತಾಂಶದ ಸೂಕ್ಷ್ಮ ತಂತಿಯ ಮೂಲಕವೇ ಸರಿಹೋಗಬೇಕು. ಸಣ್ಣ ಕಿಡಿಯೊಂದು ಹಾರುತ್ತದೆ. ಯಂತ್ರವು ಮೂರ್ಛೆ ಹೋಗುತ್ತದೆ. ಕಿಂಡಿಯೇ ಸುಡುವುದೂ ಉಂಟು.

ಮನುಷ್ಯನಿಗೆ ಇದರಿಂದಾಗುವ ಅಪಾಯವೇನು? ಸುಮಾರು 1 ಮಿಲಿಆಂಪಿಯರ್ ವಿದ್ಯುತ್ತು ದೇಹದಲ್ಲಿ ಹರಿದರೆ ಜುಮ್ಮೆನ್ನುತ್ತದೆ. 10 ಮಿಲಿಆಂಪಿಯರಿನ ಆಸುಪಾಸಿನಲ್ಲಿ ಸ್ನಾಯುಗಳು ಬಿಗಿದು, ಹಿಡಿದುದನ್ನು ಬಿಡಲಾಗುವುದಿಲ್ಲ. 30ನ್ನು ಮೀರಿ ಕೆಲಕಾಲ ಹರಿದರೆ ಉಸಿರಾಟಕ್ಕೂ ಹೃದಯಕ್ಕೂ ಗಂಡಾಂತರ. ಒಂದು ಗಣಕಯಂತ್ರದಿಂದ ಸೋರುವ ವಿದ್ಯುತ್ತು ಕೊಲ್ಲುವಷ್ಟಿರುವುದಿಲ್ಲ, ನಿಜ. ಆದರೆ ಒಂದೇ ಬೋರ್ಡಿಗೆ ನಾಲ್ಕಾರು ಉಪಕರಣಗಳು ಸೇರಿದಾಗ ಸೋರಿಕೆಯೂ ಕೂಡುತ್ತಾ ಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಜುಮ್ಮೆನ್ನುವ ಪೆಟ್ಟಿಗೆಯು ನಮ್ಮನ್ನು ಕಾಯಬೇಕಾದ ಭೂಸಂಪರ್ಕದ ತಂತಿಯು ಇಲ್ಲವೆಂದು ಸಾರುತ್ತಿದೆ. ನಾಳೆ ಅದೇ ಸಾಲಿನ ವಾಷಿಂಗ್ ಮೆಷಿನ್ನಿನಲ್ಲಿಯೋ ಗೀಸರಿನಲ್ಲಿಯೋ ಫೇಸ್ ತಂತಿಯು ಹೊರಮೈಗೆ ತಗುಲಿದರೆ, ಫ್ಯೂಸು ಹೋಗದೆ 230 ವೋಲ್ಟೂ ಅಲ್ಲಿಯೇ ಕಾದು ಕುಳಿತಿರುತ್ತದೆ. ಒದ್ದೆ ಕೈಯಿಂದ ಅದನ್ನು ಮುಟ್ಟುವವರು ಮನೆಯ ಗೃಹಿಣಿಯೋ ಮಗುವೋ ಆಗಿರುತ್ತಾರೆ. ಗಣಕಯಂತ್ರದ ಮೂರ್ಛೆಯು ಹೀಗೆ ಇಡೀ ಮನೆಗೆ ಕೊಟ್ಟ ಮುನ್ಸೂಚನೆಯಾಗಿರಬಹುದು.

ಬಂಡೆಯ ಊರಿನಲ್ಲಿ ಭೂಸಂಪರ್ಕ

ಹೈದರಾಬಾದು ಗ್ರಾನೈಟ್ ಬಂಡೆಗಳ ಊರು. ಗೋಲ್ಕೊಂಡದಲ್ಲಿಯೂ ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಬಡಾವಣೆಗಳಲ್ಲಿಯೂ ಬಂಡೆಗಳು ನೆಲದ ಮೇಲೆಯೇ ಎದ್ದು ನಿಂತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬಂಡೆಯು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ತೇವವಾದ ಮಣ್ಣು ಹರಿಯಗೊಡುತ್ತದೆ. ಆದುದರಿಂದಲೇ ಗುಂಡಿ ತೋಡಿ, ಲೋಹದ ಕೊಳವೆಯನ್ನೋ ತಗಡನ್ನೋ ಹೂಳಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ತುಂಬಿ ನೀರು ಹನಿಸುವ ಪದ್ಧತಿ ಬಂದಿತು. ಮಳೆಗಾಲದಲ್ಲಿ ಈ ಗುಂಡಿಯು ಚೆನ್ನಾಗಿ ಕೆಲಸ ಮಾಡುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಣಗಿದಾಗ ಅದರ ಪ್ರತಿರೋಧ ಹೆಚ್ಚುತ್ತದೆ. ಸ್ಥಿರವಿದ್ಯುತ್ತಿನ ಕಾಟವೂ, ಏರ್ ಕೂಲರು ಪಂಪುಗಳ ಭಾರವೂ ಹೆಚ್ಚುವುದು ಅದೇ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಮಾತ್ರ ಮೂರ್ಛೆ ಹೋಗುವ ಯಂತ್ರವಿದ್ದರೆ ಈ ಮೂರನ್ನೂ ನೆನೆಯಬೇಕು. ಬಹುಮಹಡಿ ಕಟ್ಟಡಗಳಲ್ಲಿ ಈ ಗುಂಡಿ ಎಲ್ಲಿದೆಯೆಂಬುದನ್ನೇ ನಿವಾಸಿಗಳು ಅರಿಯದಿರುವುದುಂಟು. ನಿವಾಸಿಗಳ ಸಂಘದ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಲಿ.

ಪರೀಕ್ಷೆಯನ್ನು ಅನುಭವಸ್ಥ ಎಲೆಕ್ಟ್ರಿಷಿಯನ್ನರಿಂದ ಮಾಡಿಸತಕ್ಕದ್ದು. ಮೀಟರಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟ್ ತೋರಿದ ಮಾತ್ರಕ್ಕೆ ಭೂಸಂಪರ್ಕ ಸರಿಯಿದೆಯೆಂದು ತೀರ್ಮಾನಿಸಬಾರದು. ಮೀಟರು ಸೆಳೆಯುವ ವಿದ್ಯುತ್ತು ಅತ್ಯಲ್ಪವಾದುದರಿಂದ ಕೆಟ್ಟ ಭೂಸಂಪರ್ಕವೂ ಅದಕ್ಕೆ ಸಾಕಾಗುತ್ತದೆ. ಗುಂಡಿಯ ಪ್ರತಿರೋಧವನ್ನು ಅಳೆಯುವ ಉಪಕರಣದಿಂದಲೇ ಅಳೆಯಿಸಬೇಕು. ಸಾಕೆಟ್ಟಿನೊಳಗೆ ಅರ್ಥ್ ತಂತಿಯನ್ನು ನ್ಯೂಟ್ರಲ್‌ಗೆ ಕಟ್ಟಿ ‘ಸರಿಮಾಡಿದೆ’ ಎನ್ನುವವರನ್ನು ದೂರವಿಡಿರಿ. ಹಾಗೆ ಕಟ್ಟಿದಲ್ಲಿ ನ್ಯೂಟ್ರಲ್ ತಂತಿ ಕಡಿದ ದಿನ ಪೆಟ್ಟಿಗೆಯ ಮೈಯೆಲ್ಲ ಫೇಸ್ ಆಗುತ್ತದೆ. ನಲ್ಲಿಯ ಕೊಳವೆಗೆ ಕಟ್ಟುವುದೂ ವ್ಯರ್ಥ. ಇಂದಿನ ಕೊಳವೆಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು.

ಪಥ್ಯ

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪವಾದ, ಉದ್ದವಾದ ಕಡ್ಡಿಯು ಭೂಸಂಪರ್ಕದ್ದು. ಉಳಿದೆರಡಕ್ಕಿಂತ ಮೊದಲು ಅದು ಸಾಕೆಟ್ಟನ್ನು ಮುಟ್ಟಲಿ ಎಂದೇ ಅದನ್ನು ಉದ್ದವಾಗಿ ಮಾಡಿರುತ್ತಾರೆ. ಅದನ್ನು ಕತ್ತರಿಸುವುದಾಗಲಿ, ಎರಡು ಕಡ್ಡಿಯ ಅಡಾಪ್ಟರಿಗೆ ಸಿಕ್ಕಿಸುವುದಾಗಲಿ ಸಲ್ಲದು. ಗಣಕಯಂತ್ರ ಮತ್ತು ಅದಕ್ಕೆ ತಂತಿಯಿಂದ ಸೇರಿದ ಪ್ರಿಂಟರ್, ಪರದೆ ಇವೆಲ್ಲವೂ ಒಂದೇ ಭೂಸಂಪರ್ಕವುಳ್ಳ ಸಾಲಿನಿಂದ ನಡೆಯಲಿ. ಆದರೆ ಲೇಸರ್ ಪ್ರಿಂಟರು ಯು.ಪಿ.ಎಸ್.ಗೆ ಸೇರದೆ ನೇರವಾಗಿ ಗೋಡೆಗೆ ಸೇರಲಿ. ಹೆಚ್ಚು ಶಕ್ತಿ ಬೇಡುವ ಸಾಧನಗಳಿಗೆ ತನ್ನದೇ ಅಡಾಪ್ಟರುಳ್ಳ ಯು.ಎಸ್.ಬಿ. ಹಬ್ಬನ್ನು ಬಳಸಿರಿ, ಫೋನನ್ನು ಅದರ ಚಾರ್ಜರಿನಿಂದಲೇ ತುಂಬಿಸಿರಿ. ಬೇಸಿಗೆಯಲ್ಲಿ ಪೆನ್‌ಡ್ರೈವ್ ಚುಚ್ಚುವ ಮೊದಲು, ಭೂಸಂಪರ್ಕ ಸರಿಯಿರುವ ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿರಿ. ಡ್ರೈವರನ್ನು ತಯಾರಕರಿಂದಲೇ ಪಡೆಯಿರಿ. ಗುಡುಗು ಮಿಂಚಿನ ಸಂಜೆ ಪ್ಲಗ್ಗನ್ನು ಕಳಚಿಡಿರಿ. ಎಲ್ಲಕ್ಕಿಂತ ಮಿಗಿಲಾಗಿ, 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಮನೆಯ ಮುಖ್ಯ ಹಲಗೆಯಲ್ಲಿ ಹಾಕಿಸಿ, ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಿರಿ.

ಯಾರಿಗಾದರೂ ವಿದ್ಯುತ್ತಿನ ಆಘಾತವಾದಲ್ಲಿ ಅವರನ್ನು ಮುಟ್ಟುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಬೇಕು. 2005ರಲ್ಲಿ ನಮ್ಮ ಹೈದರಾಬಾದಿನಲ್ಲಿಯೇ ಮೊದಲುಗೊಂಡ 108 ಸೇವೆಗೆ ಕೂಡಲೇ ಕರೆ ಮಾಡಿ, ಉಸಿರು ನಿಂತಿದ್ದರೆ ನೆರವು ಬರುವವರೆಗೂ ಎದೆಯ ನಡುವೆ ಎರಡು ಕೈಗಳಿಂದ ಬಲವಾಗಿ, ಬೇಗಬೇಗನೆ ಒತ್ತುತ್ತಿರಬೇಕು.

ಯಂತ್ರವು ಮೂರ್ಛೆ ಹೋದಾಗ ಬೇಸರಪಡದೆ, ಅದು ಏನನ್ನು ಹೇಳುತ್ತಿದೆಯೆಂದು ತಾಳ್ಮೆಯಿಂದ ವಿಚಾರಿಸುವುದು ಒಳಿತು. ಸಾಧನಗಳನ್ನು ಕಳಚಿ ಒಂದೊಂದಾಗಿ ಜೋಡಿಸಿ ನೋಡುವುದಕ್ಕೆ ಹಣ ಬೇಕಿಲ್ಲ; ಪೆಟ್ಟಿಗೆಯು ಜುಮ್ಮೆನ್ನುತ್ತದೆಯೇ ಎಂದು ಗಮನಿಸುವುದಕ್ಕೂ ಬೇಕಿಲ್ಲ. ಗೋಡೆಯೊಳಗಿನ ಒಂದು ಹಸಿರು ತಂತಿ ಮತ್ತು ಅಂಗಳದ ಒಂದು ಒದ್ದೆ ಗುಂಡಿ ಸರಿಯಾಗಿದ್ದರೆ ಯಂತ್ರವೂ ಉಳಿಯುತ್ತದೆ, ಮನೆಯವರೂ ಕ್ಷೇಮವಾಗಿರುತ್ತಾರೆ.